ಆ್ಯಪ್ ಮುಚ್ಚಿಹೋದರೆ ರ‍್ಯಾಮ್ ಮೇಲೆ ತಪ್ಪು ಹೊರಿಸಬೇಡಿ

ಸಂಪಾದಕರಿಗೆ ನಮಸ್ಕಾರ.

ಲಿನಕ್ಸ್‌ನಲ್ಲಿ ಸ್ನ್ಯಾಪ್ ಅಥವಾ ಫ್ಲ್ಯಾಟ್‌ಪ್ಯಾಕ್ ರೂಪದ (ಬೇಕಾದ್ದನ್ನೆಲ್ಲ ಒಂದೇ ಪ್ಯಾಕೇಜ್‌ನಲ್ಲಿ ಕಟ್ಟಿಕೊಡುವ) ಆ್ಯಪ್ ತೆರೆದ ಕೂಡಲೇ ಮುಚ್ಚಿಹೋದರೆ ಎಲ್ಲರೂ ಕೊಡುವ ಸಲಹೆ ರ‍್ಯಾಮ್ ಜಾಸ್ತಿ ಮಾಡಿ, ಇಲ್ಲವೇ ಸ್ಯಾಂಡ್‌ಬಾಕ್ಸ್ (ಆ್ಯಪ್ ಬೇರೆಡೆ ಕೈಹಾಕದಂತೆ ತಡೆಯುವ ಬೇಲಿ) ತೆಗೆದುಹಾಕಿ ಅಂತ. ನಾನೂ ಮೂರು ದಿನ ಇದನ್ನೇ ಮಾಡಿ ಸೋತೆ. ಕೊನೆಗೆ ಜರ್ನಲ್, ಅಂದರೆ ಸಿಸ್ಟಮ್‌ನ ದಾಖಲೆ, ತೆಗೆದು ನೋಡಿದರೆ ಆ ಬೇಲಿ ಕಾಯುವ ಆ್ಯಪ್‌ಆರ್ಮರ್‌ನ 'ಡಿನೈಡ್' (ಅನುಮತಿ ಇಲ್ಲ) ಎಂಬ ಒಂದು ಸಾಲು ಇತ್ತು. ಮೆಮೊರಿ ಬೇಕಾದಷ್ಟಿತ್ತು, ಅದನ್ನು ಮುಟ್ಟಲು ಅನುಮತಿ ಇರಲಿಲ್ಲ, ಅಷ್ಟೇ.

ಆ್ಯಪ್‌ನ ಹಲವು ಪ್ರೊಸೆಸ್‌ಗಳು (ಒಟ್ಟಿಗೆ ಓಡುವ ಭಾಗಗಳು) ಡೇಟಾವನ್ನು ನಕಲು ಮಾಡುತ್ತಾ ಕೂರದೆ ಒಂದೇ ಜಾಗವನ್ನು ಹಂಚಿಕೊಳ್ಳುತ್ತವೆ. ಇದಕ್ಕೆ ಶೇರ್ಡ್ ಮೆಮೊರಿ ಎನ್ನುತ್ತಾರೆ, ಡೆವ್ ಫೋಲ್ಡರ್ ಒಳಗಿನ ಎಸ್‌ಎಚ್‌ಎಂ (/dev/shm) ಅದರ ಮನೆ. ಸ್ನ್ಯಾಪ್‌ನಲ್ಲಿ ಅಲ್ಲಿನ ಫೈಲ್ ಹೆಸರು 'ಸ್ನ್ಯಾಪ್' ಮತ್ತು ಆ ಪ್ಯಾಕೇಜ್‌ನ ಹೆಸರಿನಿಂದಲೇ ಶುರುವಾಗಬೇಕು. ಬೇರೆ ಹೆಸರಿಟ್ಟರೆ ಬಾಗಿಲು ಬಂದ್. ಇದಕ್ಕಾಗಿಯೇ 'ಶೇರ್ಡ್-ಮೆಮೊರಿ' ಪ್ಲಗ್ (ಪ್ಯಾಕೇಜ್‌ನಲ್ಲಿ ಅನುಮತಿ ಕೇಳುವ ಸಾಲು) ಇದೆ, ಅದರಲ್ಲಿ 'ಪ್ರೈವೇಟ್' ಆಯ್ಕೆ ಕೊಟ್ಟರೆ ಆ್ಯಪ್‌ಗೆ ತನ್ನದೇ ಜಾಗ ಸಿಗುತ್ತದೆ, ಕೋಡ್ ಮುಟ್ಟಬೇಕಾಗಿಲ್ಲ. ಫ್ಲ್ಯಾಟ್‌ಪ್ಯಾಕ್‌ನಲ್ಲಿ ಎಕ್ಸ್11 (ಪರದೆಯ ಮೇಲೆ ವಿಂಡೋಗಳನ್ನು ತೋರಿಸುವ ವ್ಯವಸ್ಥೆ) ಬಳಸುವ ಆ್ಯಪ್‌ಗೆ ಹೊರಗಿನವುಗಳ ಜೊತೆ ಮೆಮೊರಿ ಹಂಚಿಕೊಳ್ಳುವ 'ಶೇರ್ ಐಪಿಸಿ' ಅನುಮತಿ ಮರೆತರೆ 'ಬ್ಯಾಡ್‌ಆ್ಯಕ್ಸೆಸ್' ಎಂದು ಹೇಳಿ ಬೀಳಬಹುದು.

ಜಾಗ ನಿಜವಾಗಿಯೂ ಸಾಲದೆ ಬೀಳುವುದೂ ಉಂಟು. ಡಾಕರ್ ಕಂಟೇನರ್‌ನಲ್ಲಿ (ಆ್ಯಪ್ ಓಡಿಸುವ ಇನ್ನೊಂದು ಬಗೆಯ ಪ್ರತ್ಯೇಕ ಆವರಣ) ಈ ಜಾಗ ಡಿಫಾಲ್ಟ್ ಆಗಿ 64 ಎಂಬಿ ಮಾತ್ರ, ಕ್ರೋಮಿಯಂನಂಥ ಬ್ರೌಸರ್‌ಗೆ ಅದು ಎಲ್ಲಿ ಸಾಕು? ಇಲ್ಲಿ ಮೋಸ ಹೋಗುವ ವಿಷಯ ಒಂದಿದೆ. ಫೈಲ್‌ನ ಗಾತ್ರ ಹೆಚ್ಚಿಸುವ ಎಫ್‌ಟ್ರಂಕೇಟ್ ಎಂಬ ಆದೇಶ, ಜಾಗ ಇಲ್ಲದಿದ್ದರೂ 'ಸರಿ' ಎನ್ನುತ್ತದೆ, ಆಮೇಲೆ ಬರೆಯಲು ಹೋದಾಗ ಸಿಗ್‌ಬಸ್ ಎಂಬ ಮಾರಕ ಸಂಕೇತ ಬಂದು ಇಡೀ ಆ್ಯಪ್ ಸಾಯುತ್ತದೆ. ಬಳಕೆದಾರರಿಗೆ ಒಂದು ಮಾತೂ ಹೇಳದೆ! ಡೆವಲಪರ್‌ಗಳು ಪೋಸಿಕ್ಸ್ ಫಾಲೋಕೇಟ್ ಎಂಬ ಆದೇಶ ಬಳಸಿ ಜಾಗವನ್ನು ಮೊದಲೇ ಕಾಯ್ದಿರಿಸಿದರೆ ಅಲ್ಲೇ ಎರರ್ ಸಿಗುತ್ತದೆ, 'ಶೇರ್ಡ್ ಮೆಮೊರಿ ತುಂಬಿದೆ' ಎಂದು ಮರ್ಯಾದೆಯಿಂದ ತಿಳಿಸಬಹುದು ಅಲ್ವಾ?

ಸ್ಯಾಂಡ್‌ಬಾಕ್ಸ್ ತೆಗೆಯಿರಿ ಎಂಬ ಸಲಹೆಗೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಒಂದು ಕಿಟಕಿ ತೆರೆಯುವ ಬದಲು ಮನೆಯ ಗೋಡೆಯನ್ನೇ ಕೆಡವುವ ಕೆಲಸ ಅದು. ಪ್ಯಾಕೇಜ್ ಮಾಡುವವರಲ್ಲಿ ನನ್ನ ಕೋರಿಕೆ ಇಷ್ಟೇ: ನಿಮ್ಮ ಯಂತ್ರದಲ್ಲಿ ಓಡಿತು ಎಂದು ಸುಮ್ನೆ ಬಿಡುಗಡೆ ಮಾಡಬೇಡಿ, ಪೂರ್ತಿ ಬೇಲಿಯೊಳಗೆ ಒಮ್ಮೆ ಓಡಿಸಿ ನೋಡಿ, ಬೇಕಾದ ಅನುಮತಿಯನ್ನು ಪ್ಯಾಕೇಜ್‌ನಲ್ಲೇ ಬರೆಯಿರಿ.

— ಒಬ್ಬ ಓದುಗ