ಕೊನೆ ಗೊತ್ತಿರುವ ಕಥೆಗಳ ಕಾಲ

ರಾಜ್ಯೋತ್ಸವದ ವರದಿ, ಹೊಸ ಕಾರ್ಯಕಾರಿ ಸಮಿತಿಯ ಪಟ್ಟಿ, ಮಕ್ಕಳ ಕನ್ನಡ ತರಗತಿಯ ವೇಳಾಪಟ್ಟಿ ಎಲ್ಲವೂ ಒಳಪುಟಗಳಲ್ಲಿವೆ. ಈ ಸಲ ಸಂಪಾದಕೀಯಕ್ಕೆ ಅವುಗಳ ಗೊಡವೆ ಬೇಡ. ಅಕ್ಟೋಬರ್‌ನಿಂದಲೇ ಇಲ್ಲಿ ಬ್ರಿಟನ್ನಿನ ಸೂಪರ್‌ಮಾರ್ಕೆಟ್‌ಗಳಲ್ಲಿ ಬಿಸ್ಕತ್ತಿನ ಡಬ್ಬಿಗಳ ಪಕ್ಕ ಪೇರಿಸಿಡುವ ಕ್ರಿಸ್‌ಮಸ್ ಪ್ರೇಮಕಾದಂಬರಿಗಳ ಬಗ್ಗೆ ಬರೆಯಬೇಕೆನಿಸಿದೆ. ರಕ್ಷಾಪುಟದಲ್ಲಿ ಹಿಮ ಹೊದ್ದ ಛಾವಣಿ, ದೀಪ ಉರಿಯುವ ಕಿಟಕಿ, ಬಾಗಿಲಲ್ಲೊಂದು ನಾಯಿ ಇರುತ್ತದಲ್ಲ, ಅವೇ. ಸಂಘದ ಪತ್ರಿಕೆಯಲ್ಲಿ ಇದೆಂಥ ವಿಷಯ ಎಂದು ಹುಬ್ಬೇರಿಸುವವರು ನೇರವಾಗಿ ಮೂರನೆಯ ಪುಟಕ್ಕೆ ಹೋಗಬಹುದು, ಅಲ್ಲಿ ಲೆಕ್ಕಪತ್ರವಿದೆ.

ಈ ಕಾದಂಬರಿಗಳ ಹಂದರ ಬಹಳ ಮಂದಿಗೆ ಗೊತ್ತೇ ಇದೆ. ಲಂಡನ್ನಿನಲ್ಲಿ ನಿಶ್ಚಿತಾರ್ಥ ಮುರಿದುಕೊಂಡ, ಅದೇ ವಾರ ಕೆಲಸವನ್ನೂ ಕಳೆದುಕೊಂಡ ಮೂವತ್ತರ ಆಸುಪಾಸಿನ ನಾಯಕಿ. ಕಾರ್ನ್‌ವಾಲ್‌ನ ಕಡಲತಡಿಯಲ್ಲೋ ಸ್ಕಾಟ್‌ಲೆಂಡಿನ ದ್ವೀಪವೊಂದರಲ್ಲೋ ಸೋದರತ್ತೆ ಅವಳ ಹೆಸರಿಗೆ ಬರೆದಿಟ್ಟುಹೋದ ಒಂದು ಬೇಕರಿ. ಅದರ ಸೂರು ಸೋರುತ್ತದೆ. ರಿಪೇರಿಗೆ ಬರುವವನದು ಮಾತು ಕಡಿಮೆ, ಸಿಡುಕು ಜಾಸ್ತಿ. ಆದರೆ ಯಾರೋ ಬಿಟ್ಟುಹೋದ ನಾಯಿಯನ್ನು ಸಾಕಿಕೊಂಡಿದ್ದಾನೆ. ನಾಯಿ ಕಂಡ ಕೂಡಲೇ ನಮಗೆ ಎಲ್ಲವೂ ತಿಳಿದುಹೋಗುತ್ತದೆ. ಕ್ರಿಸ್‌ಮಸ್ ಹಿಂದಿನ ಸಂಜೆ ಹಿಮ ಸುರಿದು ರಸ್ತೆ ಮುಚ್ಚಬೇಕು, ಕರೆಂಟು ಹೋಗಬೇಕು, ಅಗ್ಗಿಷ್ಟಿಕೆಯ ಮುಂದೆ ಇಬ್ಬರೇ ಉಳಿಯಬೇಕು. ಉಳಿಯುತ್ತಾರೆ.

ಕೊನೆ ಗೊತ್ತಿದ್ದ ಮೇಲೆ ಓದುವುದೇನು ಎನ್ನುವುದು ಹಳೆಯ ಆಕ್ಷೇಪ. ಕನ್ನಡಿಗರಂತೂ ಈ ಪ್ರಶ್ನೆ ಕೇಳಬಾರದು. ಹರಿಹರನ ಗಿರಿಜಾಕಲ್ಯಾಣವನ್ನು ಮದುವೆ ನಡೆಯುತ್ತದೋ ಇಲ್ಲವೋ ಎಂಬ ಆತಂಕದಿಂದ ಓದಿದವರುಂಟೆ? ಹೆಸರಿನಲ್ಲೇ ಕಲ್ಯಾಣ ಆಗಿಹೋಗಿದೆ. ಸುಭದ್ರೆ ಅರ್ಜುನನ ಕೈ ಹಿಡಿದೇ ಹಿಡಿಯುತ್ತಾಳೆಂದು ಗೊತ್ತಿದ್ದೂ ಕೊಯ್ಲಾದ ಗದ್ದೆಯಲ್ಲಿ ಬೆಳಗಿನ ಜಾವದವರೆಗೆ ಯಕ್ಷಗಾನ ನೋಡುತ್ತಾರೆ ನಮ್ಮವರು. ಇವತ್ತಿನ ಭಾಗವತರು ಅದನ್ನು ಎಲ್ಲಿ ಎಳೆಯುತ್ತಾರೆ, ಎಲ್ಲಿ ತಡೆಯುತ್ತಾರೆ ಎನ್ನುವುದರ ಮೇಲೆ ಎಲ್ಲರ ಕಣ್ಣು.

ಪ್ರೇಮಕಾದಂಬರಿಯ ಕಸುಬುದಾರಿಕೆಯೂ ಈ ತಡೆಯುವುದರಲ್ಲೇ ಇದೆ. ನಾಯಕ ಯಾರನ್ನೋ ತಬ್ಬಿಕೊಂಡದ್ದನ್ನು ಕಿಟಕಿಯಿಂದ ಕಂಡು, ಅವಳು ಅವನ ತಂಗಿ ಎಂದು ತಿಳಿಯುವವರೆಗೆ ನೂರು ಪುಟ ಕಣ್ಣೀರಿಡುವ ನಾಯಕಿಯ ಮೇಲೆ ನನಗೆ ಕರುಣೆಯಿಲ್ಲ. ಒಂದು ಫೋನ್ ಕರೆಯಲ್ಲಿ ಮುಗಿಯುವ ವಿರಹ ವಿರಹವೇ ಅಲ್ಲ. ಒಳ್ಳೆಯ ಲೇಖಕಿ ಅಡ್ಡಿಯನ್ನು ಹೊರಗಿನಿಂದ ತಂದು ಹಾಕುವುದಿಲ್ಲ. ಯಾರ ಸಹಾಯವನ್ನೂ ಕೇಳಿ ಅಭ್ಯಾಸವಿಲ್ಲದ ಹೆಣ್ಣು, ಕೊಟ್ಟದ್ದನ್ನು ಹೇಳಿಕೊಳ್ಳಲು ಬಾರದ ಗಂಡು ಇಬ್ಬರೇ ಸಾಕು. ಮನೆಯಲ್ಲಿರುವ ಎರಡೇ ಮಗ್ಗುಗಳಲ್ಲಿ ಹಿಡಿ ಮುರಿದದ್ದನ್ನು ಅವನು ತಾನಿಟ್ಟುಕೊಂಡು ಗಟ್ಟಿಯಾದದ್ದನ್ನು ಅವಳತ್ತ ಸರಿಸುತ್ತಾನೆ. ಅವಳು ನೋಡುತ್ತಾಳೆ, ಏನೂ ಹೇಳುವುದಿಲ್ಲ. ಪ್ರೇಮನಿವೇದನೆ ಅಲ್ಲಿಗೇ ಆಯಿತು. ಮುಂದಿನ ಇನ್ನೂರು ಪುಟ ಬೇಕಾಗುವುದು ಅದು ಅವರಿಬ್ಬರ ತಲೆಗೆ ಹೋಗುವುದಕ್ಕೆ.

ಊಟದ ವರ್ಣನೆ ಧಾರಾಳವಾಗಿರುತ್ತದೆ. ಟರ್ಕಿ ಕೋಳಿ ಬೇಯುವ ಪುಟಗಳನ್ನು ನಮ್ಮ ಸಸ್ಯಾಹಾರಿ ಸದಸ್ಯರು ಹಾರಿಸಿದರೆ ಕಥೆಗೇನೂ ನಷ್ಟವಿಲ್ಲ. ಮಿನ್ಸ್ ಪೈ ಪುಟಗಳೇ ಬೇಕಾದಷ್ಟಿವೆ. (ಹೆಸರು ಕೇಳಿ ಬೆಚ್ಚಬೇಡಿ, ಒಳಗಿರುವುದು ಒಣದ್ರಾಕ್ಷಿ. ಪ್ರಾಣಿಯ ಕೊಬ್ಬು ಸೇರಿಸಿದ್ದಾರೆಯೇ ಎಂದು ಮಾತ್ರ ಪೊಟ್ಟಣದ ಹಿಂಬದಿ ನೋಡಿಕೊಳ್ಳಿ.)

ಹಿಮದ ವಿಷಯದಲ್ಲಿ ಮಾತ್ರ ಈ ಪುಸ್ತಕಗಳು ಹಸಿಸುಳ್ಳು ಹೇಳುತ್ತವೆ. ಇಂಗ್ಲೆಂಡಿನ ದಕ್ಷಿಣದಲ್ಲಿ ಡಿಸೆಂಬರ್ 25ರಂದು ಬೀಳುವುದು ಸಾಮಾನ್ಯವಾಗಿ ಜಿಟಿಜಿಟಿ ಮಳೆ. ಆ 24 ಗಂಟೆಗಳಲ್ಲಿ ದೇಶದ ಯಾವ ಮೂಲೆಯಲ್ಲಾದರೂ ಒಂದೇ ಒಂದು ಹಿಮದ ಹಳುಕು ಬೀಳುವುದು ಕಂಡರೂ ಅದನ್ನು ‘ವೈಟ್ ಕ್ರಿಸ್‌ಮಸ್’ ಎಂದು ಇಲ್ಲಿನ ಹವಾಮಾನ ಇಲಾಖೆ ಉದಾರವಾಗಿ ಒಪ್ಪಿಕೊಳ್ಳುತ್ತದೆ. ದೇಶದ ಬಹುಭಾಗದಲ್ಲಿ ನೆಲವೇ ಬೆಳ್ಳಗಾಗಿದ್ದ ಕ್ರಿಸ್‌ಮಸ್ 2010ರದು. ಹಾಗಾದರೆ ಕಾದಂಬರಿಗಳಿಗೆ ಇಷ್ಟು ಹಿಮ ಎಲ್ಲಿಂದ ಬಂತು? ತಪ್ಪೆಲ್ಲ ಚಾರ್ಲ್ಸ್ ಡಿಕನ್ಸ್‌ನದು ಎನ್ನುವವರಿದ್ದಾರೆ, ನಾನೂ ಅವರ ಪಕ್ಷ. ಅವನು ಹುಟ್ಟಿದ್ದು 1812ರಲ್ಲಿ. 1814ರಲ್ಲಿ ಲಂಡನ್ನಿನ ಥೇಮ್ಸ್ ನದಿ ಹೆಪ್ಪುಗಟ್ಟಿ, ಅದರ ಮೇಲೆ ಅಂಗಡಿ ಹಾಕಿ ಜಾತ್ರೆಯನ್ನೇ ನಡೆಸಿದ್ದರು. ಅಂಥ ಚಳಿಗಾಲಗಳಲ್ಲಿ ಬೆಳೆದವನು 1843ರ ಡಿಸೆಂಬರ್ 19ರಂದು ಪ್ರಕಟಿಸಿದ ‘ಎ ಕ್ರಿಸ್‌ಮಸ್ ಕ್ಯಾರಲ್’ನ ಮೊದಲ ಆರು ಸಾವಿರ ಪ್ರತಿಗಳು ಹಬ್ಬಕ್ಕೆ ಮೊದಲೇ ಖರ್ಚಾದವು. ಆಮೇಲೆ ಬಂದವರೆಲ್ಲ ಅವನ ಹವಾಮಾನವನ್ನೇ ಎರವಲು ತಂದು ಬರೆಯುತ್ತಿದ್ದಾರೆ.

ಇಂಥ ಪುಸ್ತಕ ಓದುವುದನ್ನು ಮುಚ್ಚಿಡುವ ಅಭ್ಯಾಸ ಎರಡೂ ಕಡೆ ಇದೆ. 1908ರಲ್ಲಿ ಲಂಡನ್ನಿನಲ್ಲಿ ಶುರುವಾದ ಮಿಲ್ಸ್ ಅಂಡ್ ಬೂನ್ ಮೊದಲು ಎಲ್ಲ ಬಗೆಯ ಪುಸ್ತಕಗಳನ್ನೂ ಪ್ರಕಟಿಸುತ್ತಿತ್ತು. ಜಾಕ್ ಲಂಡನ್‌ನ ಕೃತಿಗಳೂ ಅದರ ಪಟ್ಟಿಯಲ್ಲಿದ್ದವು. 1930ರ ದಶಕದಲ್ಲಿ ಅದು ಪೂರ್ತಿ ಪ್ರೇಮಕಥೆಗಳಿಗೆ ತಿರುಗಿ, ಬಾಡಿಗೆ ಗ್ರಂಥಾಲಯಗಳ ಮೂಲಕ ಮನೆಮನೆಗೆ ಹೋಯಿತು. ನಮ್ಮಲ್ಲಿಯೂ ಬೆಂಗಳೂರು, ಮೈಸೂರುಗಳ ಸರ್ಕ್ಯುಲೇಟಿಂಗ್ ಲೈಬ್ರರಿಗಳಿಂದ ಅದೇ ಪುಸ್ತಕಗಳನ್ನು ತಂದು ಪಠ್ಯಪುಸ್ತಕದ ನಡುವೆ ಇಟ್ಟು ಓದಿದ ಕಾಲೇಜು ಹುಡುಗಿಯರು ಇಂದು ಈ ಸಂಘದ ಹಿರಿಯ ಸದಸ್ಯೆಯರು, ಹೆಸರು ಹೇಳುವುದಿಲ್ಲ. ಅವರ ಅಮ್ಮಂದಿರು ವಾರಪತ್ರಿಕೆಯ ಧಾರಾವಾಹಿಯ ಪುಟಗಳನ್ನು ಕತ್ತರಿಸಿ, ದಾರ ಹಾಕಿ ಹೊಲಿದು, ಮನೆಯಿಂದ ಮನೆಗೆ ಓದಲು ಕೊಡುತ್ತಿದ್ದರು. ಹೆಂಗಸರು ಬರೆದು ಹೆಂಗಸರು ಓದಿದ್ದಕ್ಕೆ ‘ಅಡುಗೆಮನೆ ಸಾಹಿತ್ಯ’ ಎಂದು ವಿಮರ್ಶಕರು ಹಣೆಪಟ್ಟಿ ಹಚ್ಚಿದರು. ಮನಸ್ಸಿನ ಕಾಯಿಲೆಯಂಥ ವಸ್ತುವನ್ನು ಕಾದಂಬರಿಗೆ ತಂದ ತ್ರಿವೇಣಿಯವರೂ ಬಹುಕಾಲ ಈ ಪಟ್ಟಿಯಿಂದ ಪೂರ್ತಿ ತಪ್ಪಿಸಿಕೊಳ್ಳಲಿಲ್ಲ. ಪತ್ತೇದಾರಿ ಕಾದಂಬರಿಯನ್ನು ಬಸ್ಸಿನಲ್ಲಿ ಎಲ್ಲರಿಗೂ ಕಾಣುವಂತೆ ಹಿಡಿದು ಓದುವ ಗಂಡಸರಿಗೆ ಈ ಸಂಕೋಚ ಏಕಿಲ್ಲವೋ!

ಇಲ್ಲಿಯ ಕ್ರಿಸ್‌ಮಸ್ ದಿನದಷ್ಟು ಓದಿಗೆ ಹೇಳಿ ಮಾಡಿಸಿದ ದಿನ ವರ್ಷದಲ್ಲಿ ಇನ್ನೊಂದಿಲ್ಲ. ರೈಲು ಓಡುವುದಿಲ್ಲ. 2004ರ ಕಾನೂನಿನ ಪ್ರಕಾರ ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ದೊಡ್ಡ ಅಂಗಡಿಗಳು ಬಾಗಿಲು ತೆರೆಯುವಂತಿಲ್ಲ. ಲಂಡನ್ನಿನಲ್ಲಿ ನಾಲ್ಕು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ. ಯುಗಾದಿಗೆ ಹೋಳಿಗೆ, ಗೌರಿಗೆ ಬಾಗಿನ ಎಂದು ಉಳಿದ ಹಬ್ಬಗಳಲ್ಲೆಲ್ಲ ಬಿಡುವಿಲ್ಲದ ನಮ್ಮ ಬಹಳಷ್ಟು ಮನೆಗಳಿಗೆ ಈ ಒಂದು ದಿನ ಯಾವ ಸಿದ್ಧತೆಯೂ ಇಲ್ಲದೆ ಸಿಗುತ್ತದೆ. ಕುಸ್ವಾರ್ ಎಂಬ ಹಬ್ಬದ ತಿಂಡಿಗಳನ್ನು ಮಾಡುವ ಮಂಗಳೂರಿನ ಕಡೆಯ ನಮ್ಮ ಕ್ರೈಸ್ತ ಕುಟುಂಬಗಳಿಗೆ ಈ ಮಾತು ಅನ್ವಯಿಸದು. ಅವರು ಸಂಪಾದಕರಿಗೊಂದು ತಟ್ಟೆ ಕಳುಹಿಸಿದರೆ ಬೇಡವೆನ್ನುವುದಿಲ್ಲ.

ಪುಸ್ತಕ ಕೊಳ್ಳಲೇಬೇಕೆಂದಿಲ್ಲ. ಹಬ್ಬದ ರಜೆಗೆ ಮೊದಲು ಊರಿನ ಗ್ರಂಥಾಲಯಕ್ಕೆ ಹೋಗಿಬನ್ನಿ. ಎರವಲು ತಂದರೆ ಲೇಖಕಿಗೆ ಅನ್ಯಾಯವಾದೀತೆಂಬ ಅಳುಕೂ ಬೇಡ. 1979ರ ಕಾಯಿದೆಯಂತೆ, ಹೆಸರು ನೋಂದಾಯಿಸಿದ ಲೇಖಕರಿಗೆ ಪ್ರತಿ ಎರವಲಿಗೂ ಕೆಲವು ಪೆನ್ನಿಗಳಷ್ಟು ಹಣವನ್ನು ಸರ್ಕಾರವೇ ಲೆಕ್ಕ ಹಾಕಿ ಕೊಡುತ್ತದೆ. 2018ರಿಂದ ಇ-ಪುಸ್ತಕಗಳೂ ಈ ಲೆಕ್ಕಕ್ಕೆ ಸೇರಿವೆ. ಕೊಂಡು ಓದುವವರು ಮಾತ್ರ ಓದಿ ಮುಗಿಸಿದ್ದನ್ನು ಸಂಕ್ರಾಂತಿ ಕೂಟಕ್ಕೆ ತನ್ನಿ, ಎಳ್ಳು ಬೆಲ್ಲದ ಪಕ್ಕದಲ್ಲೇ ಒಂದು ಮೇಜು ಹಾಕಿಸಿರುತ್ತೇವೆ. ಕೊನೆಯ ಪುಟ ಕಿತ್ತುಹೋಗಿದ್ದರೂ ಅಡ್ಡಿಯಿಲ್ಲ.