ಶಾಸ್ತ್ರದಲ್ಲಿದೆಯೇ ಎಂದು ಕೇಳುವುದು ಕೋರ್ಟಿನ ಕೆಲಸವಲ್ಲ

ಮಾನ್ಯ ಸಂಪಾದಕರೆ,

ಹಂತಹಂತವಾಗಿ ಆಹಾರ ಬಿಟ್ಟು ದೇಹ ತ್ಯಜಿಸುವ ಜೈನರ ಸಲ್ಲೇಖನ ವ್ರತ ಕುರಿತು ವಾಚಕರ ಪುಟದಲ್ಲಿ ಬರುತ್ತಿರುವ ಪತ್ರಗಳು ಎರಡು ಗುಂಪಾಗಿ ನಿಂತಿವೆ. ಇದು ಆತ್ಮಹತ್ಯೆ, ಜಾತ್ಯತೀತ ದೇಶದಲ್ಲಿ ಇದಕ್ಕೆ ಜಾಗವಿಲ್ಲ ಎನ್ನುವವರು ಒಂದು ಕಡೆ. ಧರ್ಮದ ವಿಚಾರಕ್ಕೆ ಕೋರ್ಟು ತಲೆಹಾಕಬಾರದು ಎನ್ನುವವರು ಇನ್ನೊಂದು ಕಡೆ. ಶ್ರವಣಬೆಳಗೊಳ ನಮ್ಮ ಹಾಸನ ಜಿಲ್ಲೆಯಲ್ಲೇ ಇರುವುದರಿಂದ ಇಲ್ಲಿನ ಓದುಗರಿಗೆ ಇದು ದೂರದ ಜಗಳವಲ್ಲ. ಬೇಸರದ ಸಂಗತಿಯೆಂದರೆ ಇಬ್ಬರೂ ಒಂದೇ ಪ್ರಶ್ನೆಗೆ ಜೋತುಬಿದ್ದಿದ್ದಾರೆ: ಈ ವ್ರತ ಜೈನ ಧರ್ಮದ ಅತ್ಯಗತ್ಯ ಆಚರಣೆಯೋ ಅಲ್ಲವೋ? ಧರ್ಮಸ್ವಾತಂತ್ರ್ಯ ಕೊಡುವ ಸಂವಿಧಾನದ 25ನೇ ವಿಧಿಯನ್ನು ಪೂರ್ತಿ ಓದಿದರೂ ಈ ಪ್ರಶ್ನೆ ಎಲ್ಲೂ ಸಿಗುವುದಿಲ್ಲ. ಅದು ಎಲ್ಲಿಂದ ಬಂತು, ಬಂದು ಏನು ಕೆಡಿಸಿತು ಎಂಬುದನ್ನು ಬಿಡಿಸಿ ಹೇಳುವ ಅಗತ್ಯವಿದೆ.

ಮೊದಲು ಪ್ರಕರಣದ ಸಂಗತಿ. ಶ್ವೇತಾಂಬರರು ಸಂಥಾರಾ ಎಂದೂ ನಮ್ಮ ಕಡೆಯ ದಿಗಂಬರರು ಸಲ್ಲೇಖನ ಎಂದೂ ಕರೆಯುವ ಈ ವ್ರತವನ್ನು ನಿಲ್ಲಿಸಬೇಕೆಂದು 2006ರಲ್ಲಿ ರಾಜಸ್ಥಾನ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೋಯಿತು. 2015ರ ಆಗಸ್ಟ್ 10ರಂದು ಹೈಕೋರ್ಟ್ ಅದನ್ನು ಒಪ್ಪಿ, ವ್ರತ ಹಿಡಿದವರ ಮೇಲೆ ಆಗಿನ ದಂಡ ಸಂಹಿತೆಯ 309ನೇ ಸೆಕ್ಷನ್ (ಆತ್ಮಹತ್ಯೆ ಯತ್ನ), ನೆರವಾದವರ ಮೇಲೆ 306ನೇ ಸೆಕ್ಷನ್ ಹಾಕಬಹುದಾದ ಆದೇಶ ಕೊಟ್ಟಿತು. 306 ಎಂದರೆ ಆತ್ಮಹತ್ಯೆಗೆ ಪ್ರಚೋದನೆ, 10 ವರ್ಷದವರೆಗೆ ಜೈಲು. ತಾಯಿಯ ಹಾಸಿಗೆಯ ಪಕ್ಕ ಕೂತು ಣಮೋಕಾರ ಮಂತ್ರ ಹೇಳುವ ಮಗನೂ ಆರೋಪಿಯಾಗಬಹುದಿತ್ತು. ಜೈನರು ದೇಶದಾದ್ಯಂತ ಬೀದಿಗಿಳಿದರು. ಆಗಸ್ಟ್ 31ರಂದು ಸುಪ್ರೀಂ ಕೋರ್ಟ್ ತಡೆಯಾಜ್ಞೆ ಕೊಟ್ಟಿತು.

ಹೈಕೋರ್ಟ್ ಕೊಟ್ಟ ಕಾರಣವನ್ನು ಗಮನಿಸಬೇಕು. ಮೋಕ್ಷ ಸಾಧನೆಗೆ ಸಂಥಾರಾ ಬೇಕೇ ಬೇಕು ಎಂದು ಯಾವ ಗ್ರಂಥವೂ ಹೇಳುವುದಿಲ್ಲ, ಆದ್ದರಿಂದ ಇದು ಅತ್ಯಗತ್ಯವಲ್ಲ, ಅತ್ಯಗತ್ಯವಲ್ಲದ್ದಕ್ಕೆ 25ನೇ ವಿಧಿಯ ರಕ್ಷಣೆ ಇಲ್ಲ ಎಂಬುದು ಅದರ ವಾದಸರಣಿ. ಈ ಅಳತೆಗೋಲು ಹಿಡಿದರೆ ತಿರುಪತಿ ಯಾತ್ರೆ, ಸತ್ಯನಾರಾಯಣ ಪೂಜೆ, ಉರುಸು, ಗುಡ್ ಫ್ರೈಡೇ ಉಪವಾಸ ಯಾವುದೂ ಉಳಿಯುವುದಿಲ್ಲ. ಯಾವುದೂ ಇಲ್ಲದೆಯೂ ಮೋಕ್ಷ ಸಾಧ್ಯ ಎಂದು ಯಾವುದೋ ಗ್ರಂಥದಲ್ಲಿ ಒಂದು ಸಾಲು ಸಿಕ್ಕೇ ಸಿಗುತ್ತದೆ. ಇತ್ತ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಸುಮಾರು ಕ್ರಿ.ಶ. 600ರಿಂದ ಸಮಾಧಿಮರಣದ, ಅಂದರೆ ಹೀಗೆ ವ್ರತ ಹಿಡಿದು ತೀರಿಕೊಂಡವರ ಶಾಸನಗಳು ಸಾಲುಗಟ್ಟಿ ಬಿದ್ದಿವೆ. ರಾಷ್ಟ್ರಕೂಟರ ನಾಲ್ಕನೇ ಇಂದ್ರ 982ರಲ್ಲಿ ಅಲ್ಲೇ ವ್ರತ ಹಿಡಿದು ದೇಹ ಬಿಟ್ಟ. ಶಾಂತಲೆಯ ತಾಯಿ ಮಾಚಿಕಬ್ಬೆ ಅಲ್ಲೇ ಒಂದು ತಿಂಗಳು ಉಪವಾಸವಿದ್ದು ತೀರಿಕೊಂಡಳೆಂದು ಶಾಸನವೇ ಹೇಳುತ್ತದೆ. ಇಷ್ಟೆಲ್ಲ ಕಣ್ಣೆದುರಿಗಿರುವಾಗ ಇದು ಆ ಧರ್ಮಕ್ಕೆ ಬೇಕಾದದ್ದೇ ಅಲ್ಲವೇ ಎಂದು ಜೈನರಲ್ಲದ ಇಬ್ಬರು ನ್ಯಾಯಮೂರ್ತಿಗಳು ತೀರ್ಮಾನಿಸುವುದು ಯಾವ ಜಾತ್ಯತೀತತೆ? ಶಾಸ್ತ್ರಾರ್ಥ ನಿರ್ಣಯಿಸುವ ಪೀಠ ಧರ್ಮಪೀಠವೇ ಆಗಿಬಿಡುತ್ತದೆ.

ಈ ಪ್ರಶ್ನೆ ಹುಟ್ಟಿದ್ದು ನಮ್ಮ ಘಟ್ಟದ ಕೆಳಗೇ. ಉಡುಪಿ ಆಗ ಮದ್ರಾಸ್ ರಾಜ್ಯದಲ್ಲಿತ್ತು. ಪರ್ಯಾಯದ ಖರ್ಚಿನಿಂದ ಶಿರೂರು ಮಠ ಸಾಲಕ್ಕೆ ಬಿದ್ದಾಗ ಸರ್ಕಾರ ಅದರ ಆಡಳಿತಕ್ಕೆ ಕೈಹಾಕಿತು. 1951ರ ಮದ್ರಾಸ್ ಹಿಂದೂ ಧಾರ್ಮಿಕ ದತ್ತಿ ಕಾಯ್ದೆಯನ್ನು ಸ್ವಾಮೀಜಿ ಪ್ರಶ್ನಿಸಿದರು. 1954ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳು ಕೊಟ್ಟ ತೀರ್ಪು ಬಹಳ ಎಚ್ಚರದ್ದು. ಧರ್ಮ ಬರೀ ನಂಬಿಕೆಯಷ್ಟೇ ಅಲ್ಲ, ಆಚರಣೆಯೂ ಹೌದು. ಯಾವುದು ಅದರ ಸಾರಭೂತ ಭಾಗ ಎಂಬುದನ್ನು ಆ ಧರ್ಮದ ಸಿದ್ಧಾಂತದಿಂದಲೇ ತಿಳಿಯಬೇಕು. ಇಂಥ ಹೊತ್ತಿಗೆ ಇಂಥ ನೈವೇದ್ಯ ಆಗಬೇಕೆಂಬುದು ಧರ್ಮ, ದುಡ್ಡು ಖರ್ಚಾಗುತ್ತದೆ ಎಂಬ ಮಾತ್ರಕ್ಕೆ ಅದು ಲೌಕಿಕವಾಗುವುದಿಲ್ಲ. ಖರ್ಚಿನ ಮಿತಿ ಮಾತ್ರ ಆಡಳಿತದ ವಿಷಯ ಎಂದರು. ಕೇಳಿದ್ದು ಇಷ್ಟೇ: ಈ ಕೆಲಸ ಧಾರ್ಮಿಕವೋ, ಲೌಕಿಕವೋ? 1948ರ ಡಿಸೆಂಬರ್ 2ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಕೇಳಿದ್ದೂ ಇದನ್ನೇ. ಈ ದೇಶದಲ್ಲಿ ಹುಟ್ಟಿನಿಂದ ಸಾವಿನ ತನಕ ಧರ್ಮ ಮುಟ್ಟದ ಜಾಗವಿಲ್ಲ, ಗೇಣಿ, ಉತ್ತರಾಧಿಕಾರವನ್ನೂ ಧರ್ಮವೆಂದು ಬಿಟ್ಟರೆ ಸುಧಾರಣೆ ನಿಂತುಹೋಗುತ್ತದೆ ಎಂಬುದು ಅವರ ಆತಂಕವಾಗಿತ್ತು.

ಜಾರಿದ್ದು 1961ರಲ್ಲಿ. ಅಜ್ಮೇರ್ ದರ್ಗಾ ಪ್ರಕರಣದಲ್ಲಿ ನ್ಯಾಯಮೂರ್ತಿ ಗಜೇಂದ್ರಗಡ್ಕರ್, ಧಾರ್ಮಿಕವೆನಿಸಿಕೊಂಡ ಆಚರಣೆಯೂ ಮೂಢನಂಬಿಕೆಯಿಂದ ಹುಟ್ಟಿ ಆಮೇಲೆ ಸೇರಿಕೊಂಡದ್ದಿರಬಹುದು, ಅಂಥವನ್ನು ಕೋರ್ಟು ಜಾಲಾಡಿ ಬೇರ್ಪಡಿಸಬೇಕು ಎಂದರು. ಅಂದಿನಿಂದ ಧಾರ್ಮಿಕವೋ ಲೌಕಿಕವೋ ಎಂಬ ಪ್ರಶ್ನೆ ಹೋಗಿ, ಆ ಧರ್ಮದೊಳಗೇ ಯಾವುದು ಕಾಳು ಯಾವುದು ಜೊಳ್ಳು ಎಂದು ಕೋರ್ಟು ಕೇರುವ ಪದ್ಧತಿ ಬಂತು.

ಸರಿಯಾದ ದಾರಿ ಅದಕ್ಕೂ ಮೊದಲೇ ಸಿಕ್ಕಿತ್ತು ಎಂಬುದು ನೋವಿನ ಮಾತು. 1958ರ ಮೂಲ್ಕಿ ವೆಂಕಟರಮಣ ದೇವಸ್ಥಾನದ ಪ್ರಕರಣ ತೆಗೆದುಕೊಳ್ಳಿ. ದಲಿತರ ಪ್ರವೇಶವನ್ನು ವಿರೋಧಿಸಿದ ಗೌಡ ಸಾರಸ್ವತರು ಆಗಮ ತೋರಿಸಿದರು. ದೇವಸ್ಥಾನದೊಳಗೆ ಯಾರು ಬರಬಹುದು ಎಂಬುದು ಆಗಮದ ಪ್ರಕಾರ ಧಾರ್ಮಿಕ ವಿಷಯವೇ ಎಂದು ಸುಪ್ರೀಂ ಕೋರ್ಟ್ ಒಪ್ಪಿಕೊಂಡಿತು. ಒಪ್ಪಿಕೊಂಡೂ, ಹಿಂದೂ ದೇವಾಲಯಗಳನ್ನು ಎಲ್ಲ ವರ್ಗದ ಹಿಂದೂಗಳಿಗೆ ತೆರೆಯುವ ಅಧಿಕಾರವನ್ನು 25(2)(ಬಿ) ಕೊಟ್ಟಿದೆ, ಅದೇ ಮೇಲು ಎಂದು ಬಾಗಿಲು ತೆರೆಸಿತು. ಕೆಲವು ವಿಶೇಷ ಸೇವೆಗಳನ್ನು ಮಾತ್ರ ಸಮುದಾಯಕ್ಕೆ ಬಿಟ್ಟಿತು. ಆಗಮ ಸುಳ್ಳು ಎನ್ನಬೇಕಾಗಲಿಲ್ಲ. 2015ರಲ್ಲಿ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ದಲಿತ ಮಹಿಳೆಯರು ದೇವಸ್ಥಾನಕ್ಕೆ ಹೋದದ್ದಕ್ಕೆ ಗಲಾಟೆ ಎದ್ದಾಗಲೂ ಬೇಕಿದ್ದದ್ದು ಅಸ್ಪೃಶ್ಯತೆಯನ್ನು ನಿಷೇಧಿಸುವ 17ನೇ ವಿಧಿ ಮತ್ತು ಇದೇ ಉಪವಿಧಿ. ಪುರೋಹಿತರ ಅಭಿಪ್ರಾಯ ಕೇಳುವ ಶಾಂತಿಸಭೆ ಬೇಕಿರಲಿಲ್ಲ.

25ನೇ ವಿಧಿಯ ಒಡಲಲ್ಲಿ ಇರುವುದು ಇಷ್ಟು: ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಮತ್ತು ಇತರ ಮೂಲಭೂತ ಹಕ್ಕುಗಳಿಗೆ ಒಳಪಟ್ಟು ಎಲ್ಲರಿಗೂ ಧರ್ಮಾಚರಣೆಯ ಸ್ವಾತಂತ್ರ್ಯ. ಜೊತೆಗೆ, ಧರ್ಮಕ್ಕೆ ಅಂಟಿಕೊಂಡ ಆರ್ಥಿಕ ಮತ್ತು ಲೌಕಿಕ ಚಟುವಟಿಕೆಯನ್ನು ಸರ್ಕಾರ ನಿಯಂತ್ರಿಸಬಹುದು, ಸಮಾಜ ಸುಧಾರಣೆ ಮಾಡಬಹುದು. ಹಾಸನಾಂಬೆಯ ಉತ್ಸವದಲ್ಲಿ ಈ ಗೆರೆ ಎಷ್ಟು ಸಲೀಸಾಗಿ ಕಾಣುತ್ತದೆ ನೋಡಿ. ಆಶ್ವಯುಜದ ಹುಣ್ಣಿಮೆ ಕಳೆದ ಮೊದಲ ಗುರುವಾರ ಬಾಳೆಕಂದು ಕಡಿದು ಬಾಗಿಲು ತೆರೆಯುವುದು, ಒಳಗಿನ ದೀಪ, ಹೂವು, ಪೂಜೆ ಇವು ಧರ್ಮ. 300 ರೂಪಾಯಿ ಮತ್ತು 1,000 ರೂಪಾಯಿ ಟಿಕೆಟ್ಟಿನ ಸಾಲು, ಗಣ್ಯರ ಪಾಸು, ಬ್ಯಾರಿಕೇಡು, ಹುಂಡಿ ಎಣಿಕೆ ಇವು ಲೌಕಿಕ. ಮೊದಲಿನದಕ್ಕೆ ಜಿಲ್ಲಾಧಿಕಾರಿ ಕೈಹಾಕುವಂತಿಲ್ಲ, ಎರಡನೆಯದಕ್ಕೆ ಅರ್ಚಕರು ಹೊಣೆಯಲ್ಲ. ಬಾಗಿಲು ತೆರೆಯುವ ದಿನ ಅತ್ಯಗತ್ಯವೋ ಅಲ್ಲವೋ ಎಂದು ಯಾರೂ ಕೇಳಬೇಕಾಗಿಲ್ಲ.

ಧರ್ಮವನ್ನೂ ಸರ್ಕಾರವನ್ನೂ ಪೂರ್ತಿ ಕತ್ತರಿಸಿ ಬೇರೆ ಮಾಡಿದ ದೇಶಗಳಿವೆ, ನಾವೂ ಹಾಗೇ ಮಾಡೋಣ ಎಂದು ಒಬ್ಬ ಓದುಗರು ಬರೆದಿದ್ದರು. ಫ್ರಾನ್ಸ್ 1905ರಲ್ಲಿ ಆ ಕಾನೂನು ತಂದಿತು ನಿಜ. ಆದರೆ ಅಂದಿಗೆ ಕಟ್ಟಿದ್ದ ಕ್ಯಾಥೆಡ್ರಲ್‌ಗಳು ಸರ್ಕಾರದ ಆಸ್ತಿಯಾಗಿ ಉಳಿದವು. 2019ರಲ್ಲಿ ಸುಟ್ಟ ಪ್ಯಾರಿಸ್ಸಿನ ನೋತ್ರ್‌ದಾಮ್‌ನ ಒಡೆತನ ಸರ್ಕಾರದ್ದೇ. ಟರ್ಕಿ 1924ರ ಮಾರ್ಚ್ 3ರಂದು ಖಿಲಾಫತ್ತನ್ನು ರದ್ದು ಮಾಡಿತು, ಅದೇ ದಿನ ಮಸೀದಿಗಳನ್ನು ನೋಡಿಕೊಳ್ಳುವ ಸರ್ಕಾರಿ ಇಲಾಖೆಯನ್ನೂ ಹುಟ್ಟುಹಾಕಿತು. ಕತ್ತರಿ ಎಲ್ಲೂ ಪೂರ್ತಿ ಆಡಿಲ್ಲ.

ನಮ್ಮಲ್ಲಿ ಹಿಜಾಬ್ ವಿವಾದ ಇದೇ ತಪ್ಪು ಪ್ರಶ್ನೆಯಿಂದ ಎಷ್ಟು ಕೆಟ್ಟಿತು ಎಂಬುದನ್ನು ಮಲೆನಾಡಿನವರು ಮರೆತಿರಲಾರರು. 2022ರ ಆರಂಭದಲ್ಲಿ ಕೊಪ್ಪ ತಾಲ್ಲೂಕಿನ ಬಾಳಗಡಿ ಕಾಲೇಜಿನಲ್ಲೂ ಕೇಸರಿ ಶಾಲು ಕಾಣಿಸಿಕೊಂಡಿತು. ಮಾರ್ಚ್ 15ರಂದು ಬಂದ ಕರ್ನಾಟಕ ಹೈಕೋರ್ಟಿನ 129 ಪುಟಗಳ ತೀರ್ಪಿನಲ್ಲಿ ಮೂವರು ನ್ಯಾಯಮೂರ್ತಿಗಳು ಕುರಾನಿನ ಅನುವಾದ, ವ್ಯಾಖ್ಯಾನ ಓದಿ, ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲ ಎಂದರು. ತರಗತಿಯಲ್ಲಿ ಸಮವಸ್ತ್ರದ ಮಿತಿ ಎಷ್ಟು, ಹುಡುಗಿಯ ಓದು ನಿಂತರೆ ಯಾರು ಹೊಣೆ ಎಂಬ ನೇರ ಪ್ರಶ್ನೆಗಳು ಹಿಂದೆ ಸರಿದವು. ಅದೇ ವರ್ಷ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ದ್ವಿಸದಸ್ಯ ಪೀಠ ಒಡೆದಾಗ ನ್ಯಾಯಮೂರ್ತಿ ಧುಲಿಯಾ, ಅತ್ಯಗತ್ಯದ ಚರ್ಚೆಗೆ ಇಳಿಯುವ ಅವಶ್ಯಕತೆಯೇ ಇರಲಿಲ್ಲ ಎಂದರು. ಶಬರಿಮಲೆಯ 2018ರ ತೀರ್ಪಿನ ನಂತರ ಈ ಅಳತೆಗೋಲಿನ ವಿಚಾರ ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೇ ಹೋಯಿತು.

ಈಗ ಸಲ್ಲೇಖನಕ್ಕೆ ಬರೋಣ. ಅತ್ಯಗತ್ಯ ಎಂದು ಒಪ್ಪಿಸಿಬಿಟ್ಟರೆ ಗೆದ್ದೆವು ಎಂದುಕೊಂಡಿರುವ ಶ್ರಾವಕರು (ಜೈನ ಗೃಹಸ್ಥರು) ಒಂದು ಸಂಗತಿ ಯೋಚಿಸಬೇಕು. 2025ರಲ್ಲಿ ಇಂದೋರಿನಲ್ಲಿ ಮೆದುಳಿನ ಗಡ್ಡೆಯಿದ್ದ ಮೂರು ವರ್ಷದ ಮಗುವಿಗೆ ಸಂಥಾರಾ ಕೊಟ್ಟ ಸುದ್ದಿ ಬಂತು. ಅತ್ಯಗತ್ಯದ ಅಳತೆಗೋಲು ಆ ಮಗುವಿಗೂ, ತಿಳಿದು ವ್ರತ ಹಿಡಿದ 85ರ ಹಿರಿಯರಿಗೂ ಒಂದೇ ಉತ್ತರ ಕೊಡುತ್ತದೆ. ಆಚರಣೆ ಅತ್ಯಗತ್ಯವಾದರೆ ಎರಡೂ ಸರಿ, ಇಲ್ಲವಾದರೆ ಎರಡೂ ಅಪರಾಧ. ಇದಕ್ಕಿಂತ ಕುರುಡು ಅಳತೆ ಇನ್ನೊಂದಿಲ್ಲ. ಇದು ಯಾರ ಇಚ್ಛೆ, ಅವರಿಗೆ ಹಿಂದೆ ಸರಿಯುವ ದಾರಿ ತೆರೆದಿದೆಯೇ ಎಂದು ಕೇಳಿದರೆ ಎರಡೂ ತಕ್ಷಣ ಬೇರೆ ಬೇರೆಯಾಗುತ್ತವೆ. ಮೂರು ವರ್ಷದ ಮಗುವಿಗೆ ವ್ರತವಿಲ್ಲ.

ಜೈನ ಶಾಸ್ತ್ರ ಈ ಪ್ರಶ್ನೆಗೆ ಹೊರಗಿನದಲ್ಲ. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ಈ ವ್ರತವನ್ನು ಹೇಳುವುದು ಪರಿಹಾರವೇ ಇಲ್ಲದ ಉಪಸರ್ಗ (ವಿಪತ್ತು), ಕ್ಷಾಮ, ಮುಪ್ಪು, ರೋಗ ಬಂದಾಗ ಮಾತ್ರ. ಬೇಗ ಸಾವು ಬರಲಿ ಎಂದು ಬಯಸುವುದನ್ನೂ ಅದು ಅತಿಚಾರ, ಅಂದರೆ ದೋಷ ಎನ್ನುತ್ತದೆ. ಬದುಕು ಸಾಕಾಗಿ ಸಾಯಲು ಹೊರಟವರಿಗೆ ಈ ವ್ರತ ಸಲ್ಲದು. ಅವರಿಗೆ ಬೇಕಾದದ್ದು ಆಸರೆ ಮತ್ತು ಚಿಕಿತ್ಸೆ.

ಎಡವಟ್ಟು ಆಗುವುದು ಎಲ್ಲಿ? ನೋಡಿಕೊಳ್ಳುವವರಿಲ್ಲದ ವಿಧವೆ, ಆಸ್ತಿ ಪಾಲಿಗೆ ಕಾದಿರುವ ಮನೆ, ವಾಸಿಯಾಗಬಹುದಾದ ಕಾಯಿಲೆಗೆ ದುಡ್ಡಿಲ್ಲದ ಸಂಸಾರ, ಅರಿವು ಮಂಕಾದ ರೋಗಿಯ ಪರವಾಗಿ ಬೇರೆಯವರು ಹೇಳುವ ಒಪ್ಪಿಗೆ. ಪ್ರಚಾರ ಇನ್ನೂ ಅಪಾಯದ್ದು. ಫ್ಲೆಕ್ಸ್ ಕಟ್ಟಿ, ಮೆರವಣಿಗೆ ಮಾಡಿ, ದರ್ಶನಕ್ಕೆ ಜನ ಸಾಲುಗಟ್ಟಿದ ಮೇಲೆ ಮನಸ್ಸು ಬದಲಾದವರು ಒಂದು ಲೋಟ ಹಾಲು ಕೇಳುವುದು ಹೇಗೆ?

ಇದಕ್ಕೆ ಹತ್ತಿರದ ಮಾದರಿ ನಮ್ಮ ಕಾನೂನಿನಲ್ಲೇ ಇದೆ. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟ್ ಘನತೆಯ ಸಾವಿನ ಹಕ್ಕನ್ನು ಒಪ್ಪಿತು, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಕರ್ನಾಟಕ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿತು. ವಾಸಿಯಾಗದ ಸ್ಥಿತಿಯಲ್ಲಿ ಚಿಕಿತ್ಸೆ ಬೇಡವೆಂಬ ಇಚ್ಛಾಪತ್ರವನ್ನು ವಯಸ್ಕರು, ಸ್ವಸ್ಥ ಮನಸ್ಸಿನಿಂದ, ಇಬ್ಬರು ಸಾಕ್ಷಿಗಳ ಮುಂದೆ ಬರೆದು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಬೇಕು; ಯಾವಾಗ ಬೇಕಾದರೂ ಹಿಂತೆಗೆಯಬಹುದು. ಆಸ್ಪತ್ರೆಯಲ್ಲಿ ಮೂವರು ವೈದ್ಯರ ಮೊದಲ ಮಂಡಳಿ, ಅದರ ಮೇಲೆ ಜಿಲ್ಲಾ ಮಟ್ಟದಿಂದ ನೇಮಿಸಿದ ವೈದ್ಯರಿರುವ ಎರಡನೇ ಮಂಡಳಿ. ಚಿಕಿತ್ಸೆ ಬೇಡವೆನ್ನುವುದಕ್ಕೂ ಅನ್ನ ಬೇಡವೆನ್ನುವುದಕ್ಕೂ ವ್ಯತ್ಯಾಸವಿದೆ, ಈ ಕಟ್ಟನ್ನು ಹಾಗೇ ಎತ್ತಿ ಕೂರಿಸಲಾಗದು. ಆದರೂ ಸಾಕ್ಷಿ, ಲಿಖಿತ ಒಪ್ಪಿಗೆ, ಹಿಂತೆಗೆತ, ಹೊರಗಿನ ವೈದ್ಯರ ತಪಾಸಣೆ ಈ ನಾಲ್ಕನ್ನೂ ಯಾವ ಶಾಸ್ತ್ರವೂ ಬೇಡವೆನ್ನುವುದಿಲ್ಲ.

ಸುಪ್ರೀಂ ಕೋರ್ಟಿನ ಮುಂದಿನ ವಿಚಾರಣೆಯಲ್ಲಿ ಕರ್ನಾಟಕ ಸರ್ಕಾರ ಇದೇ ನಿಲುವಿನ ಅರ್ಜಿ ಹಾಕಬೇಕು. 18 ವರ್ಷದೊಳಗಿನವರಿಗೆ ವ್ರತ ಸಲ್ಲದು, ಒಪ್ಪಿಗೆ ಸ್ವಂತದ್ದಿರಬೇಕು, ಮಾನಸಿಕ ಖಿನ್ನತೆ ಇಲ್ಲವೆಂದು ಮಠಕ್ಕೆ ಸಂಬಂಧವಿಲ್ಲದ ವೈದ್ಯರು ನೋಡಿ ಹೇಳಬೇಕು, ಹಾಲು ನೀರು ಔಷಧ ಕೈಗೆಟುಕುವಂತೆ ಇರಬೇಕು, ಫ್ಲೆಕ್ಸು ಮೆರವಣಿಗೆ ಕೂಡದು. ಇಷ್ಟು ಪಾಲಿಸಿದ ಮನೆಯವರ ಮೇಲೆ ಭಾರತೀಯ ನ್ಯಾಯ ಸಂಹಿತೆಯ 108ನೇ ಸೆಕ್ಷನ್ (ಹಳೆಯ 306, ಆತ್ಮಹತ್ಯೆಗೆ ಪ್ರಚೋದನೆ) ಹಾಕಬಾರದು, ಪಾಲಿಸದಿದ್ದರೆ ಹಾಕಲೇಬೇಕು. ಕೋರ್ಟಿನ ತೀರ್ಪಿಗೆ ಕಾಯದೆ ಶ್ರಾವಕ ಸಂಘಗಳು ಇವನ್ನು ಬಸದಿಯ ರಿಜಿಸ್ಟರಿನಲ್ಲಿ ಇಂದಿನಿಂದಲೇ ಬರೆದಿಡಬಹುದು.

– ಇತಿಹಾಸ ಮತ್ತು ಕಾನೂನು ಅಧ್ಯಾಪಕರ ಬಳಗ, ಹಾಸನ