ಹಿರಿಯರ ಮೇಲೆ ಪದ್ಯ ಬರೆಯುವಾಗ

ಪ್ರೀತಿಯ ತಂಗಿ,

ನಿನ್ನ ಮೆಚ್ಚಿನ ಹಿರಿಯ ಕವಿಯ ಮೇಲೆ ನೀನು ಬರೆದ ಪದ್ಯ ತಲುಪಿತು. ಪ್ರೀತಿಯಿಂದ ಬರೆದಿದ್ದೀಯ, ಅದು ಗೊತ್ತಾಗುತ್ತದೆ. ಆದರೆ ಉದ್ದಕ್ಕೂ ಬರೀ ಹೊಗಳಿಕೆ. ಅವರ ಹೆಸರು ತೆಗೆದು ಬೇರೆ ಯಾರದನ್ನು ಹಾಕಿದರೂ ನಡೆದುಹೋಗುತ್ತದೆ, ಅಲ್ವಾ?

ಅಮೆರಿಕದ ಹಾಡುಗಾರ ಬಾಬ್ ಡಿಲನ್ ಹಾಡಿದ ‘ಸಾಂಗ್ ಟು ವುಡಿ’ಯನ್ನು ಬಿಡುವು ಮಾಡಿಕೊಂಡು ಕೇಳು. 1961ರ ಜನವರಿಯಲ್ಲಿ ನ್ಯೂಯಾರ್ಕಿಗೆ ಬಂದಾಗ ಡಿಲನ್‌ಗೆ 19 ವರ್ಷ. ಅವನು ಆರಾಧಿಸುತ್ತಿದ್ದ ಹಿರಿಯ ಜನಪದ ಹಾಡುಗಾರ ವುಡಿ ಗತ್ರಿ, ನರಗಳನ್ನು ಕುಂದಿಸುವ ಹಂಟಿಂಗ್ಟನ್ ಕಾಯಿಲೆಯಿಂದ ನ್ಯೂಜೆರ್ಸಿಯ ಆಸ್ಪತ್ರೆ ಸೇರಿದ್ದರು. ಹುಡುಗ ಅವರ ಬಳಿ ಹೋಗಿ ಅವರದೇ ಹಾಡುಗಳನ್ನು ಹಾಡುತ್ತಿದ್ದ. ಅವರ ಎಷ್ಟೋ ಹಾಡುಗಳು ಆಗಲೇ ಅವನ ಬಾಯಲ್ಲಿದ್ದವು. ಅವರ ಮೇಲೆ ಹಾಡು ಕಟ್ಟಿದ್ದು ಆಮೇಲೆ.

ಆ ಹಾಡಿನ ಧಾಟಿಯೂ ಗತ್ರಿಯವರದೇ, ‘1913 ಮ್ಯಾಸಕರ್’ ಹಾಡಿನದು. ಅದು 1913ರ ಒಂದು ದುರಂತದ ಹಾಡು. ಆ ವರ್ಷ ಕ್ರಿಸ್‌ಮಸ್ ಹಿಂದಿನ ದಿನ, ಮಿಷಿಗನ್ನಿನ ಕ್ಯಾಲ್ಯುಮೆಟ್‌ನಲ್ಲಿ ಮುಷ್ಕರ ಹೂಡಿದ್ದ ತಾಮ್ರದ ಗಣಿ ಕಾರ್ಮಿಕರ ಮನೆಮಂದಿ ಹಬ್ಬಕ್ಕೆ ಸೇರಿದ್ದರು. ಯಾರೋ ‘ಬೆಂಕಿ’ ಎಂದು ಕೂಗಿದರು. ಬೆಂಕಿ ಬಿದ್ದೇ ಇರಲಿಲ್ಲ. ಮೆಟ್ಟಿಲ ಮೇಲಿನ ನೂಕುನುಗ್ಗಲಿನಲ್ಲಿ 73 ಜನ ಸತ್ತರು, ಹೆಚ್ಚಿನವರು ಮಕ್ಕಳು. ಗತ್ರಿ ಯಾರ ಪರವಾಗಿ ಹಾಡಿದರು ಅನ್ನುವುದನ್ನು ಡಿಲನ್ ವಿವರಿಸಲೇ ಇಲ್ಲ. ಆ ಧಾಟಿ ಗೊತ್ತಿದ್ದವರಿಗೆ ಬೇರೆ ವಿವರಣೆಯೂ ಬೇಕಿರಲಿಲ್ಲ.

ಹೊಗಳಿಕೆ ಆ ಹಾಡಿನಲ್ಲಿ ಬಲು ಕಡಿಮೆ. ಗತ್ರಿಯವರ ಜೊತೆ ಅವರ ಒಡನಾಡಿ ಹಾಡುಗಾರರಾದ ಸಿಸ್ಕೊ, ಸನ್ನಿ, ಲೆಡ್‌ಬೆಲ್ಲಿ ಅವರನ್ನೂ ಡಿಲನ್ ನೆನೆಯುತ್ತಾನೆ. ಕೊನೆಗೆ, ತಾನೂ ಅವರಂತೆ ಕಷ್ಟದ ದಾರಿ ಸವೆಸಿದವನು ಎಂದು ಹೇಳಿಕೊಳ್ಳಲು ಹಿಂಜರಿಯುತ್ತಾನೆ. ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗುವುದು ಆ ಹಿಂಜರಿಕೆ. ಆ ವಯಸ್ಸಿನ ಹುಡುಗನಿಗೆ ತನ್ನ ಅಳತೆ ಅಷ್ಟು ಗೊತ್ತಿತ್ತಲ್ಲ!

ಇನ್ನೊಬ್ಬರ ಧಾಟಿ ತೆಗೆದುಕೊಂಡರೆ ಕದ್ದ ಹಾಗಲ್ವಾ ಎಂದು ನೀನು ಕೇಳಬಹುದು. ಜನಪದ ಹಾಡುಗಾರರಲ್ಲಿ ಅದು ಮೊದಲಿನಿಂದ ಬಂದ ರೂಢಿ. 1940ರಲ್ಲಿ ‘ದಿಸ್ ಲ್ಯಾಂಡ್ ಈಸ್ ಯುವರ್ ಲ್ಯಾಂಡ್’ ಬರೆದಾಗ ಗತ್ರಿ ಕೂಡ ಕಾರ್ಟರ್ ಫ್ಯಾಮಿಲಿ ಎಂಬ ಹಾಡುಗಾರರ ತಂಡ ಹಾಡಿದ್ದ ಭಕ್ತಿಗೀತೆಯ ಧಾಟಿ ಹಿಡಿದಿದ್ದರು. ಆದರೆ ಯಾರಿಂದ ಪಡೆದದ್ದು ಅನ್ನುವುದನ್ನು ಮುಚ್ಚಿಡಬೇಡ. ಡಿಲನ್ ಹಾಡಿನ ಹೆಸರಿನಲ್ಲೇ ವುಡಿ ಇದ್ದಾರೆ, ನೋಡು.

ಈ ಪದ್ಯವನ್ನು ಸದ್ಯಕ್ಕೆ ಪಕ್ಕಕ್ಕಿಡು. ನಿನ್ನ ಕವಿಯ ಒಂದು ಪದ್ಯ ಆರಿಸಿಕೊಂಡು ಬಾಯಿಪಾಠ ಮಾಡು. ಉಸಿರು ಎಲ್ಲಿ ನಿಲ್ಲುತ್ತದೆ, ಸಾಲು ಎಲ್ಲಿ ತಿರುಗುತ್ತದೆ ಅಂತ ನಿನ್ನ ನಾಲಿಗೆಗೇ ತಿಳಿಯಲಿ. ಆಮೇಲೆ ಅದೇ ನಡೆಯಲ್ಲಿ, ನೀನು ಕಣ್ಣಾರೆ ಕಂಡ ಏನಾದರೂ ಒಂದನ್ನು ಬರೆ. ಮೇಲೆ ಅವರ ಹೆಸರು ಹಾಕು. ಬರೆದದ್ದನ್ನು ಕಳಿಸು, ಕಾಯುತ್ತಿರುತ್ತೇನೆ.

ಇಂತಿ,
ನಿನ್ನ ಅಣ್ಣ